ಊರಿಗೆ ಬರುವ ಭಾವನಿಗೆ ಜಿಂಕೆ ಬೇಟೆಯ ಆಸೆ: ಮಂಡ್ಯ-ಮೈಸೂರು ಕಡೆ ದಾರಿ ಇದೆಯೇ?

ಕೆರೆಗೋಡು ಹುಡುಗ
ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕ-ಭಾವ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿ ಬಹಳ ವರ್ಷವಾಯಿತು. ಪ್ರತಿ ನವೆಂಬರ್‌ನಲ್ಲಿ ಭಾವ ತಮ್ಮ ಕಚೇರಿಯ ಗೆಳೆಯರು, ಆ ಗೆಳೆಯರ ಅಪ್ಪಂದಿರು, ಮಕ್ಕಳೊಂದಿಗೆ ಜಿಂಕೆ ಬೇಟೆಗೆ ಹೋಗುತ್ತಾರೆ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಫೋಟೊಗಳು ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತವೆ. ಚಿಕ್ಕಪ್ಪಂದಿರು ಹೆಬ್ಬೆರಳು ಒತ್ತುತ್ತಾರೆ, ಅಮ್ಮ "ಶಿವ ಶಿವ" ಎನ್ನುತ್ತಾರೆ.

ಈ ಸಂಕ್ರಾಂತಿಗೆ ಅವರು ಮಗನನ್ನೂ ಒಬ್ಬ ಅಮೆರಿಕನ್ ಸ್ನೇಹಿತನನ್ನೂ ಕರೆದುಕೊಂಡು ಬರುತ್ತಿದ್ದಾರೆ. "ನಮ್ಮ ಕಡೆಯೂ ಒಂದು ರಾತ್ರಿ ಎಲ್ಲರೂ ಸೇರಿ ಹೋಗೋಣ, ಹುಡುಗನಿಗೆ ತಾತನ ಕಾಲದ ಬೇಟೆ ಹೇಗಿತ್ತು ಎಂದು ಗೊತ್ತಾಗಲಿ" ಎನ್ನುವುದು ಅವರ ಆಸೆ. ಮಳವಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪನ ಮಗ "ಮುತ್ತತ್ತಿ ಕಡೆ ನನಗೆ ಜನ ಗೊತ್ತು, ಎರಡು ಜೀಪು ಸಾಕು, ಎಲ್ಲ ವ್ಯವಸ್ಥೆ ಮಾಡುತ್ತೇನೆ" ಎಂದು ಆಗಲೇ ಮೀಸೆ ತಿರುವುತ್ತಿದ್ದಾನೆ.

ನನ್ನ ಪ್ರಶ್ನೆ ಇಷ್ಟೇ. ನಮ್ಮಲ್ಲಿ ಇದು ಪೂರ್ತಿ ನಿಷಿದ್ಧವೇ, ಅಥವಾ ಖಾಸಗಿ ಜಮೀನು, ಪರವಾನಗಿ ಎಂದು ಏನಾದರೂ ದಾರಿ ಇದೆಯೇ? ಇಲ್ಲದಿದ್ದರೆ ಹತ್ತು ಹನ್ನೆರಡು ಜನರನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು?

ಹಲಗೂರು ಹಾದಿ
ಮೊದಲು ಆ ದೊಡ್ಡಪ್ಪನ ಮಗನನ್ನು ವ್ಯವಸ್ಥೆಯಿಂದ ಬಿಡಿಸಿ. ಉಳಿದದ್ದು ಆಮೇಲೆ.

ಕೋರ್ಟು ಕಟ್ಟೆ
ಮೈಸೂರಿನಲ್ಲಿ ವಕೀಲಿ ಮಾಡುವವನು ನಾನು. ಸುತ್ತಿ ಬಳಸಿ ಹೇಳುವುದಿಲ್ಲ: ದಾರಿ ಇಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದರ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಜನ ತಪ್ಪು ತಿಳಿಯುವುದು "ಬೇಟೆ" ಎಂದರೆ ಏನು ಎಂಬಲ್ಲಿ. ಗುಂಡು ತಗುಲಿ ಪ್ರಾಣಿ ಬಿದ್ದರೆ ಮಾತ್ರ ಬೇಟೆ ಎಂದುಕೊಂಡಿರುತ್ತಾರೆ. ಕಾಯ್ದೆಯ ಪ್ರಕಾರ ಉರುಳು ಹಾಕುವುದು, ಬೋನು ಇಡುವುದು, ಅಟ್ಟಿಸಿಕೊಂಡು ಹೋಗುವುದು, ಮೇವು ಚೆಲ್ಲಿ ಕರೆಯುವುದು, ವಿಷ ಇಡುವುದು ಎಲ್ಲವೂ ಬೇಟೆಯೇ. ಪ್ರಯತ್ನ ಮಾಡಿದರೂ ಬೇಟೆಯೇ. ಬರಿಗೈಯಲ್ಲಿ ವಾಪಸು ಬಂದೆವು ಎಂದರೆ ನ್ಯಾಯಾಲಯ ಕರುಣೆ ತೋರುವುದಿಲ್ಲ.

ಮುತ್ತತ್ತಿ ಇರುವುದು ಕಾವೇರಿ ವನ್ಯಜೀವಿಧಾಮದ ಒಳಗೆ. ಅಭಯಾರಣ್ಯದೊಳಗೆ ಬೇಟೆಯಾಡಿದರೆ ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. 2022ರ ತಿದ್ದುಪಡಿಯ ನಂತರ ದಂಡವೂ ಕನಿಷ್ಠ 25,000 ರೂಪಾಯಿ. ಬಳಸಿದ ಬಂದೂಕು, ಬಲೆ, ವಾಹನವನ್ನು ಜಪ್ತಿ ಮಾಡಿದರೆ ಅವು ಸರ್ಕಾರದ ಸ್ವತ್ತಾಗುತ್ತವೆ. ಆ ಎರಡು ಜೀಪು ಯಾರ ಹೆಸರಿನಲ್ಲಿವೆ ಎಂದು ಒಮ್ಮೆ ವಿಚಾರಿಸಿಕೊಳ್ಳಿ.

ಖಾಸಗಿ ಜಮೀನಿನ ಮಾತು: ಜಿಂಕೆ ನಿಮ್ಮ ಹೊಲದಲ್ಲಿ ನಿಂತ ಮಾತ್ರಕ್ಕೆ ನಿಮ್ಮದಾಗುವುದಿಲ್ಲ.

ಹಳೆ ಕೋವಿ
ವಕೀಲರು ಹೇಳಿದ್ದು ಸರಿಯೇ. ಆದರೆ ಹುಡುಗ ಕೇಳಿದ್ದು ತಾತನ ಕಾಲದ ಬೇಟೆ ಹೇಗಿತ್ತು ಎಂದು. ಅದನ್ನು ಹೇಳಲು ಇನ್ನು ಉಳಿದಿರುವವರು ಕಡಿಮೆ, ಆದ್ದರಿಂದ ನಾನು ಬರೆಯುತ್ತೇನೆ. ನನ್ನದು ಹೆಗ್ಗಡದೇವನಕೋಟೆ ಸೀಮೆ.

ನಮ್ಮ ಮನೆಯಲ್ಲಿ ಒಂದು ಕೇಪು ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಮೇಲೆ ರವೆ ಎನ್ನುವ ಸಣ್ಣ ಗುಂಡು ಹಾಕಿ, ಮತ್ತೆ ನಾರು ತುರುಕಿ ಜಡಿಯಬೇಕು. ಇಷ್ಟಾದ ಮೇಲೆ ಸಿಗುವುದು ಒಂದೇ ಈಡು. ಅದು ಗುರಿ ತಪ್ಪಿದರೆ ಜಿಂಕೆ ಪಕ್ಕದ ಊರು ಸೇರಿರುತ್ತಿತ್ತು. ಹಾಗಾಗಿ ಗುಂಡು ಹಾರಿಸುವವನು ಬಹಳ ಹೊತ್ತು ಸುಮ್ಮನೆ ಕೂರುವುದೇ ಬೇಟೆಯ ಮುಕ್ಕಾಲು ಪಾಲು. ಹುಡುಗರಾದ ನಮಗೆ ತಮಟೆ ಬಡಿದು ಪೊದೆ ಎಬ್ಬಿಸುವ ಕೆಲಸ. ಕೆಮ್ಮಿದರೆ ಚಿಕ್ಕಪ್ಪನಿಂದ ತಲೆಗೆ ಮೊಟಕು.

ಬಿದ್ದ ಮೇಲೆ ಪಾಲು. ಮುತ್ತುಗದ ಎಲೆ ಹಾಸಿ ಸಮಸಮ ಗುಡ್ಡೆ ಹಾಕುತ್ತಿದ್ದರು. ಗುಂಡು ಹೊಡೆದವನಿಗೆ ಒಂದು ತೊಡೆ ಹೆಚ್ಚು. ತಮಟೆ ಬಡಿದವರಿಗೂ ಗುಡ್ಡೆ, ನಾಯಿಗಳಿಗೂ ಅವುಗಳ ಪಾಲು, ಊರಿನ ಗಂಡಸಿಲ್ಲದ ಮನೆಗಳಿಗೂ ಒಂದೊಂದು. ಇವತ್ತು ಯುಗಾದಿಯ ಮರುದಿನ ಹೊಸತೊಡಕಿಗೆ ಮಂಡ್ಯದವರು ಗುಡ್ಡೆ ಬಾಡು ಹಾಕುತ್ತೀರಲ್ಲ, ಅಲ್ಲಿ ಎಣಿಕೆ ಹಾಕುವ ಯಜಮಾನನ ಮುಖದ ಗಾಂಭೀರ್ಯ ನೋಡಿದಾಗೆಲ್ಲ ನನಗೆ ಆ ಕಾಡಂಚು ನೆನಪಾಗುತ್ತದೆ.

1972ಕ್ಕೆ ಎಲ್ಲ ನಿಂತಿತು. ಕೋವಿಯನ್ನು ಠಾಣೆಗೆ ಒಪ್ಪಿಸಿದೆವು.

ಕೋರ್ಟು ಕಟ್ಟೆ
ಹಿರಿಯರೇ, ಒಂದು ಸಣ್ಣ ತಿದ್ದುಪಡಿ, ಬೇಸರ ಬೇಡ. 1972ರ ಮೂಲ ಕಾಯ್ದೆಯಲ್ಲಿ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಪಡೆದು ಬೇಟೆಯಾಡುವ ಅವಕಾಶ ಇನ್ನೂ ಇತ್ತು. ಆ ಬಾಗಿಲನ್ನು ಪೂರ್ತಿ ಮುಚ್ಚಿದ್ದು 1991ರ ತಿದ್ದುಪಡಿ. "ಎಪ್ಪತ್ತೆರಡಕ್ಕೆ ನಿಂತಿತು" ಎಂದು ಎಲ್ಲರ ಬಾಯಲ್ಲೂ ಕೂತುಬಿಟ್ಟಿದೆ.

ಹಳೆ ಕೋವಿ
ಬೇಸರವೇನಿಲ್ಲ ವಕೀಲರೇ. ಲೈಸೆನ್ಸ್ ಕೊಡುವ ಸಾಹೇಬರ ಕಚೇರಿ ನಮ್ಮಂಥವರಿಗೆ ಅದಕ್ಕಿಂತ ಮೊದಲೇ ಮುಚ್ಚಿತ್ತು.

ಸರಗೂರು ರೈತ
ದೊಡ್ಡವರ ನೆನಪು ಚೆನ್ನಾಗಿದೆ. ನನ್ನ ಅವರೆ ಹೊಲ ಚೆನ್ನಾಗಿಲ್ಲ.

ಇಲ್ಲಿ ಎಲ್ಲರೂ ಕಾಯ್ದೆ, ಕಲಂ ಎನ್ನುತ್ತಿದ್ದೀರಿ. ಕಾಡಂಚಿನಲ್ಲಿ ಉಳುವವನ ಮಾತನ್ನೂ ಕೇಳಿ. ಬೆಳಿಗ್ಗೆ ಹೊಲಕ್ಕೆ ಹೋದರೆ ಯಾವ ಪ್ರಾಣಿ ಬಂದಿತ್ತು ಎಂದು ಗಿಡವೇ ಹೇಳುತ್ತದೆ. ಮೊಲ ತಿಂದಿದ್ದರೆ ಕಾಂಡ ಚಾಕುವಿನಲ್ಲಿ ಕೊಯ್ದ ಹಾಗೆ ಓರೆಯಾಗಿರುತ್ತದೆ. ಜಿಂಕೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಆದ್ದರಿಂದ ಹಿಡಿದು ಎಳೆಯುತ್ತದೆ. ಕುಡಿ ಹರಿದು, ಸಿಪ್ಪೆ ಜೋತಾಡುತ್ತಿರುತ್ತದೆ. ಹೂ ಬಿಡುವ ಕುಡಿಯೇ ಹೋದ ಮೇಲೆ ಆ ಗಿಡ ಇದ್ದರೆಷ್ಟು, ಹೋದರೆಷ್ಟು? ಆನೆ ಬಂದರೆ ಪತ್ರಿಕೆಯವರು ಬರುತ್ತಾರೆ. ಜಿಂಕೆ ಬಂದರೆ ಯಾರೂ ಬರುವುದಿಲ್ಲ.

ಪರಿಹಾರಕ್ಕೆ ಅರ್ಜಿ ಹಾಕಿದೆ. ಫೋಟೊ ಬೇಕು, ಪಹಣಿ ಬೇಕು, ಸ್ಥಳ ಮಹಜರು ಆಗಬೇಕು. ಸಿಬ್ಬಂದಿ ಬರುವ ಹೊತ್ತಿಗೆ ಹೊಲ ಉತ್ತು ಮುಂದಿನ ಬಿತ್ತನೆಯಾಗಿತ್ತು. ಅಮೆರಿಕದಲ್ಲಿ ರೈತ ತಾನೇ ಗುಂಡು ಹಾರಿಸಬಹುದಂತೆ. ನಮಗೇಕೆ ಬೇಡ?

ಮ್ಯಾಡಿಸನ್‌ನ ಮದ್ದೂರಮ್ಮ
ವಿಸ್ಕಾನ್ಸಿನ್ ಎಂದು ಕಂಡಿತು, ಬರೆಯದೆ ಇರಲಾಗಲಿಲ್ಲ. ನಾನಿರುವುದು ಅದೇ ರಾಜ್ಯದಲ್ಲಿ. ನನ್ನ ಗಂಡನೂ ಮಗಳೂ ಹೋಗುತ್ತಾರೆ. ನಾನು ಗುಂಡು ಹಾರಿಸುವುದಿಲ್ಲ, ಆದರೆ ಅಡುಗೆ ನನ್ನದೇ.

ಫೋಟೊದಲ್ಲಿ ಕಾಣುವುದು ಕಿತ್ತಳೆ ಜಾಕೆಟ್ ಮತ್ತು ಕೊಂಬು. ಕಾಣದಿರುವುದು ಕಾಗದ ಪತ್ರ. ಅದನ್ನು ಹೇಳುತ್ತೇನೆ, ಯಾಕೆಂದರೆ ಊರಿನಲ್ಲಿ "ಅಲ್ಲಿ ಎಲ್ಲ ಸ್ವತಂತ್ರ, ಬಂದೂಕು ಹಿಡಿದು ಕಾಡಿಗೆ ನುಗ್ಗಬಹುದು" ಎಂದು ನನ್ನ ತಮ್ಮಂದಿರೇ ನಂಬಿದ್ದಾರೆ.

ಬಂದೂಕಿನ ಮುಖ್ಯ ಬೇಟೆ ಋತು ಇಲ್ಲಿ 9 ದಿನ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಆರಂಭ. 1973ರ ಜನವರಿ 1ರಂದು ಅಥವಾ ಅದರ ನಂತರ ಹುಟ್ಟಿದವರು ಸುರಕ್ಷತಾ ತರಬೇತಿ ಮುಗಿಸಿದ ಪ್ರಮಾಣಪತ್ರ ತೋರಿಸಬೇಕು. ಅದಿಲ್ಲದ ಹೊಸಬರು ಹೋಗುವುದಾದರೆ ಅನುಭವಿಯೊಬ್ಬ ಕೈಗೆಟಕುವಷ್ಟು ಹತ್ತಿರ ಇರಲೇಬೇಕು. ಮಗಳು ಮೊದಲು ಹೋದದ್ದು ಹಾಗೆಯೇ, ಅಪ್ಪನ ತೋಳಿಗೆ ತೋಳು ತಾಗಿಸಿಕೊಂಡು. ಸೊಂಟದ ಮೇಲಿನ ಹೊರ ಉಡುಪಿನಲ್ಲಿ ಕನಿಷ್ಠ ಅರ್ಧ ಭಾಗ ಹೊಳೆಯುವ ಕಿತ್ತಳೆ ಬಣ್ಣ ಇರಬೇಕು. 2016ರಿಂದ ಹೊಳೆಯುವ ಗುಲಾಬಿ ಬಣ್ಣವೂ ಆಗುತ್ತದೆ. ಒಬ್ಬರ ಗುಂಡು ಇನ್ನೊಬ್ಬರಿಗೆ ತಗುಲಬಾರದು ಎಂದು ಈ ನಿಯಮ. ಯಾವ ಜಿಲ್ಲೆಯಲ್ಲಿ ಎಷ್ಟು ಹೆಣ್ಣು ಜಿಂಕೆ ಹೊಡೆಯಬಹುದು ಎಂಬುದನ್ನು ಪ್ರತಿ ವರ್ಷ ಲೆಕ್ಕ ಹಾಕಿ ನಿಗದಿ ಮಾಡುತ್ತಾರೆ. ಹೊಡೆದ ಪ್ರಾಣಿಯನ್ನು ಮರುದಿನ ಸಂಜೆ 5 ಗಂಟೆಯೊಳಗೆ ನೋಂದಾಯಿಸಬೇಕು.

ಬಿದ್ದ ಕೂಡಲೇ ಅಲ್ಲೇ ಹೊಟ್ಟೆ ಸೀಳಿ ಕರುಳು ತೆಗೆಯುತ್ತಾರೆ, ಇಲ್ಲದಿದ್ದರೆ ಒಳಗಿನ ಶಾಖಕ್ಕೆ ಮಾಂಸ ಕೆಡುತ್ತದೆ. ಹಿಮದ ಮೇಲೆ ಆವಿ ಏಳುತ್ತದೆ, ಬೆರಳು ಮರಗಟ್ಟಿರುವಾಗ ಆ ಬಿಸಿಯಲ್ಲೇ ಕೈ ಕಾಯಿಸಿಕೊಂಡೆ ಎಂದು ಮಗಳು ಹೇಳಿದಾಗ ನನಗೆ ಊಟ ಇಳಿಯಲಿಲ್ಲ.

ಆಮೇಲೆ ತಲೆ. ಇದನ್ನು ಯಾರೂ ಫೋಟೊ ಹಾಕುವುದಿಲ್ಲ. ನಮ್ಮ ಭಾಗದ ಜಿಂಕೆಗಳಲ್ಲಿ ಮೆದುಳು ಕರಗಿಸುವ ಒಂದು ರೋಗವಿದೆ, ಪ್ರಾಣಿ ಒಣಗಿ ಒಣಗಿ ಸಾಯುತ್ತದೆ. ವಿಸ್ಕಾನ್ಸಿನ್‌ನಲ್ಲಿ ಅದು ಪತ್ತೆಯಾದದ್ದು 2002ರಲ್ಲಿ. ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನ್ ಅದಕ್ಕೆ ಕಾರಣ. ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮನುಷ್ಯರಿಗೆ ಹರಡಿದ್ದು ಖಚಿತವಾಗಿಲ್ಲ, ಆದರೂ ರೋಗವಿರುವ ಜಿಂಕೆಯನ್ನು ತಿನ್ನಬೇಡಿ ಎಂದೇ ಆರೋಗ್ಯ ಇಲಾಖೆ ಹೇಳುತ್ತದೆ. ರಸ್ತೆ ಬದಿಯಲ್ಲಿ ಒಂದು ಪೆಟ್ಟಿಗೆ ಇಟ್ಟಿರುತ್ತಾರೆ. ಕತ್ತಿನ ಒಂದಿಷ್ಟು ಭಾಗದೊಂದಿಗೆ ತಲೆಯನ್ನು ಚೀಲದಲ್ಲಿ ಕಟ್ಟಿ, ಚೀಟಿ ಅಂಟಿಸಿ ಅಲ್ಲಿ ಹಾಕಬೇಕು. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿ. ಒಮ್ಮೆ ರೋಗ ಇದೆ ಎಂದು ಬಂತು. ಕಟ್ಟುಗಳನ್ನೆಲ್ಲ ಎತ್ತಿ ಎಸೆದೆವು, ಎಲ್ಲವನ್ನೂ.

ಚೆನ್ನಾಗಿದೆ ಎಂದು ಬಂದರೆ ಅರ್ಧ ಗೆಳೆಯರಿಗೆ, ಒಂದಿಷ್ಟು ಬಡವರ ಆಹಾರ ಬ್ಯಾಂಕಿಗೆ. ಮಾರುವಂತಿಲ್ಲ. ಕಾಡಿನ ಜಿಂಕೆ ಮಾಂಸ ಮಾರುವುದು ಇಲ್ಲಿ ಅಪರಾಧ.

ರುಚಿಯ ಬಗ್ಗೆ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಕೊಬ್ಬೇ ಇಲ್ಲ, ಒಂದು ನಿಮಿಷ ಹೆಚ್ಚು ಬಾಡಿಸಿದರೆ ಚಕ್ಕಳ. ಕೈಮ ಮಾಡಿ ಮೆಂತ್ಯದ ಸೊಪ್ಪು ಹಾಕಿದರೆ ಪರವಾಗಿಲ್ಲ. ನಮ್ಮ ಮದ್ದೂರಿನ ಕುರಿ ಸಾರಿನ ಮುಂದೆ ನಿಲ್ಲುವುದಿಲ್ಲ.

ಕೆ.ಆರ್.ಎಸ್. ಕಡೆಯವ
ಅಕ್ಕ, ಒಂದು ಅನುಮಾನ. ಎಚ್-1ಬಿ ವೀಸಾದಲ್ಲಿರುವವರು ಅಲ್ಲಿ ಬಂದೂಕು ಹಿಡಿಯಬಹುದೇ?

ಮ್ಯಾಡಿಸನ್‌ನ ಮದ್ದೂರಮ್ಮ
ಸಾಮಾನ್ಯವಾಗಿ ಹಿಡಿಯುವಂತಿಲ್ಲ ತಮ್ಮ. ಕೇಂದ್ರ ಕಾನೂನೇ ತಡೆಯುತ್ತದೆ. ಆದರೆ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ನಮ್ಮವರು ಮೊದಮೊದಲು ಹೋದದ್ದು ಆ ವಿನಾಯಿತಿಯಲ್ಲೇ.

ನಜರ್‌ಬಾದ್ ನಿವಾಸಿ
ಮೈಸೂರಿನಲ್ಲೂ ಬೇಟೆಗೆ ಕಾಗದ ಪತ್ರ ಹೊಸದಲ್ಲ. ಸಂಸ್ಥಾನದ ಕಾಲದಲ್ಲೇ, 1901ರಲ್ಲಿ, ಬೇಟೆ ಪ್ರಾಣಿಗಳ ಮತ್ತು ಮೀನುಗಳ ಸಂರಕ್ಷಣೆಗೆ ಕಾನೂನು ಬಂದಿತ್ತು. 1931ರಲ್ಲಿ ಮಹಾರಾಜರು ಬಂಡೀಪುರದಲ್ಲಿ ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ವನ್ಯಜೀವಿಗಳಿಗೆಂದು ಮೀಸಲಿಟ್ಟರು. ಅದಕ್ಕೂ ಮೊದಲು ಅದೇ ಕಾಡು ಅರಮನೆಯ ಬೇಟೆಯ ಕಾಡು. ಇಂದಿನ ಹುಲಿ ಯೋಜನೆಯ ಪ್ರದೇಶ ಬೆಳೆದದ್ದು ಅಲ್ಲಿಂದ. ರಾಜರು ತಮಗಾಗಿ ಕಾಯ್ದುಕೊಂಡ ಕಾಡು ಉಳಿಯಿತು, ಜನ ಸೌದೆ ಕಡಿದ ಕಾಡು ಹೋಯಿತು. ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ, ಆದರೆ ನಡೆದದ್ದು ಹಾಗೆಯೇ.

ಇನ್ನೊಂದು ವಿಷಯ, ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಹೊಡೆದ ಪ್ರಾಣಿಗಳಿಗೆ ಹೊಟ್ಟು ತುಂಬಿ, ಗಾಜಿನ ಕಣ್ಣು ಕೂರಿಸಿ ಗೋಡೆಗೆ ನಿಲ್ಲಿಸುವ ಕಸುಬಿನಲ್ಲಿ ಜಗತ್ತಿನಲ್ಲೇ ಹೆಸರಾಗಿದ್ದ ವ್ಯಾನ್ ಇಂಗನ್ ಸಂಸ್ಥೆ ಇದ್ದದ್ದು ನಮ್ಮ ಮೈಸೂರಿನಲ್ಲಿ. ಕಾನೂನು ಬಿಗಿಯಾದ ಮೇಲೆ ಕೆಲಸ ಕರಗುತ್ತಾ ಬಂದು 1990ರ ದಶಕದ ಕೊನೆಗೆ ಬಾಗಿಲು ಹಾಕಿತು.

ಕುವೆಂಪುನಗರದ ಸೊಸೆ
ಗೋಡೆ ಎಂದಾಗ ನೆನಪಾಯಿತು. ನಮ್ಮ ಮಾವನವರ ಹಳ್ಳಿಮನೆಯ ನಡುಮನೆಯಲ್ಲಿ ಒಂದು ಜೊತೆ ಜಿಂಕೆ ಕೊಂಬು ಇದೆ. ಒಂದು ಕವಲಿಗೆ ಟವೆಲ್, ಇನ್ನೊಂದಕ್ಕೆ ಟಾರ್ಚಿನ ದಾರ. ಯಾರ ಕಾಲದ್ದೋ ಗೊತ್ತಿಲ್ಲ. ತೊಂದರೆ ಆಗುತ್ತದೆಯೇ?

ಕೋರ್ಟು ಕಟ್ಟೆ
ಆಗಬಹುದು ತಾಯಿ. ಇಂಥ ಹಳೆಯ ವಸ್ತುಗಳನ್ನು ಘೋಷಿಸಿಕೊಂಡು ಪ್ರಮಾಣಪತ್ರ ಪಡೆಯಲು 2003ರಲ್ಲಿ ಕೇಂದ್ರ ಸರ್ಕಾರ 180 ದಿನಗಳ ಅವಕಾಶ ಕೊಟ್ಟಿತ್ತು. ನಿಮ್ಮ ಮಾವನವರು ಆಗ ಘೋಷಿಸಿದ್ದರೆ ಆ ಕಾಗದವನ್ನು ಹುಡುಕಿಡಿ. ಇಲ್ಲದಿದ್ದರೆ ಟವೆಲ್ಲಿಗೆ ಬೇರೆ ಮೊಳೆ ಹೊಡೆಸಿ, ಒಬ್ಬ ವಕೀಲರನ್ನು ಕಂಡು ಅರಣ್ಯ ಇಲಾಖೆಗೆ ಒಪ್ಪಿಸುವ ಬಗ್ಗೆ ಮಾತಾಡಿ. 2023ರಲ್ಲಿ ಹುಲಿ ಉಗುರಿನ ಲಾಕೆಟ್ಟಿನ ಗಲಾಟೆ ರಾಜ್ಯವನ್ನೇ ಅಲ್ಲಾಡಿಸಿತಲ್ಲ, ಆಮೇಲೆ "ತಾತನದು" ಎಂಬ ಉತ್ತರಕ್ಕೆ ಬೆಲೆ ಕಡಿಮೆಯಾಗಿದೆ.

ಹಾಗೆಯೇ, ಕೆರೆಗೋಡಿನವರೇ, ನಿಮ್ಮ ಭಾವ ಅಲ್ಲಿಯ ಕೊಂಬನ್ನು ಉಡುಗೊರೆಯೆಂದು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರದಂತೆ ಹೇಳಿ. ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಅದು ಅಮೆರಿಕದ ಜಿಂಕೆ ಎಂದು ಪಾಠ ಮಾಡುವುದರಲ್ಲೇ ಹಬ್ಬ ಕಳೆದುಹೋಗುತ್ತದೆ.

ಟೆಕ್ಸಾಸ್ ನೋಡಿದವ
ಒಂದು ವಿಚಿತ್ರ ಹೇಳುತ್ತೇನೆ. ನಮ್ಮ ಬಂಡೀಪುರದ ಇದೇ ಚುಕ್ಕೆ ಜಿಂಕೆಯನ್ನು ಅಮೆರಿಕದಲ್ಲಿ ಕಾನೂನುಬದ್ಧವಾಗಿ ಬೇಟೆಯಾಡುತ್ತಾರೆ. 1932ರಲ್ಲಿ ಟೆಕ್ಸಾಸ್‌ಗೆ ತಂದು ಬಿಟ್ಟದ್ದು, ಬೇಲಿ ದಾಟಿ ಈಗ ಸಾವಿರಾರು ಸಂಖ್ಯೆಯಲ್ಲಿ ತಿರುಗುತ್ತಿವೆ. ಹೊರಗಿನ ಪ್ರಾಣಿ ಎಂದು ಅದಕ್ಕೆ ಬೇಟೆಯ ಋತುವೇ ಇಲ್ಲ, ವರ್ಷವಿಡೀ ಹೊಡೆಯಬಹುದು. ಬೇಟೆ ಲೈಸೆನ್ಸ್ ಮತ್ತು ಜಮೀನಿನ ಯಜಮಾನನ ಒಪ್ಪಿಗೆ ಇರಬೇಕು, ಅಷ್ಟೇ. ಹವಾಯಿಯಲ್ಲೂ ಇದೇ ಜಿಂಕೆ, ಇದೇ ಕಥೆ. ನಿಮ್ಮ ಭಾವನಿಗೆ ನಮ್ಮ ಜಿಂಕೆಯನ್ನೇ ಹೊಡೆಯಬೇಕೆಂಬ ಹಟವಿದ್ದರೆ ಟೆಕ್ಸಾಸ್‌ಗೆ ಹೋಗಲಿ, ಮಳವಳ್ಳಿಗೆ ಬರುವುದಕ್ಕಿಂತ ವಿಮಾನದ ಖರ್ಚೂ ಉಳಿಯುತ್ತದೆ.

ಸರಗೂರು ರೈತ
ನೋಡಿ, ಇದನ್ನೇ ನಾನು ಕೇಳಿದ್ದು. ಅದೇ ಜಿಂಕೆ ಅಲ್ಲಿ ಬೆಳೆ ತಿಂದರೆ ಗುಂಡು, ಇಲ್ಲಿ ತಿಂದರೆ ಪೂಜೆ!

ಉರುಳು ಬಿಚ್ಚುವವ
ಅಣ್ಣ, ಟೆಕ್ಸಾಸ್‌ನಲ್ಲಿ ಆ ಜಿಂಕೆಯನ್ನು ತಿನ್ನಲು ಹುಲಿ ಇಲ್ಲ, ಚಿರತೆ ಇಲ್ಲ, ಸೀಳುನಾಯಿ ಇಲ್ಲ. ನಮ್ಮ ನಾಗರಹೊಳೆಯಲ್ಲಿ ಮೂರೂ ಇವೆ. ಚುಕ್ಕೆ ಜಿಂಕೆ ಅವುಗಳ ಪಡಿತರ. ಪಡಿತರ ನಿಂತರೆ ಅವು ಬರುವುದು ನಿಮ್ಮ ಕೊಟ್ಟಿಗೆಗೆ. ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುವುದನ್ನು ಈಗಾಗಲೇ ನೋಡುತ್ತಿದ್ದೇವೆ. ನಮ್ಮ ದೇಶದಲ್ಲೂ ಟೆಕ್ಸಾಸ್‌ನಂಥ ಒಂದು ಜಾಗವಿದೆ: ಅಂಡಮಾನ್. ಬ್ರಿಟಿಷರು ಅಲ್ಲಿಗೆ ಚುಕ್ಕೆ ಜಿಂಕೆ ತಂದು ಬಿಟ್ಟರು, ತಿನ್ನುವ ಪ್ರಾಣಿ ಇಲ್ಲ, ಮೊಳಕೆ ಮೇಲೇಳಲು ಬಿಡದೆ ಕಾಡನ್ನೇ ಮೇಯುತ್ತಿವೆ. ಅಲ್ಲಿಯ ಪ್ರಶ್ನೆ ಬೇರೆ.

ಮುತ್ತತ್ತಿಯ "ಗೊತ್ತಿರುವ ಜನ"ರ ವಿಷಯಕ್ಕೆ ಬರುತ್ತೇನೆ. ಗೆಳೆಯರೊಂದಿಗೆ ಅರಣ್ಯ ಸಿಬ್ಬಂದಿಯ ಜೊತೆ ನಡೆದು ಉರುಳು ತೆಗೆಯುವ ಕೆಲಸಕ್ಕೆ ನಾನು ಹೋಗುತ್ತೇನೆ. ಈಗ ಕೋವಿ ಹಿಡಿದು ಸುಮ್ಮನೆ ಕೂರುವ ಹಿರಿಯರ ಬೇಟೆ ಎಲ್ಲೂ ಇಲ್ಲ. ಇರುವುದು ಬೈಕಿನ ಬ್ರೇಕ್ ವೈರು. ಒಂದು ತುದಿಯಲ್ಲಿ ಜಾರುಗಂಟು, ಇನ್ನೊಂದು ತುದಿ ಲಂಟಾನದ ಬುಡಕ್ಕೆ. ಬೇಲಿಯಲ್ಲಿ ಪ್ರಾಣಿ ನುಸುಳಿ ನುಸುಳಿ ನುಣುಪಾದ ಕಿಂಡಿ ಇರುತ್ತದಲ್ಲ, ಅಲ್ಲಿ ಎದೆಯ ಎತ್ತರಕ್ಕೆ ಇಳಿಬಿಡುತ್ತಾರೆ, ಎರಡೂ ಕಡೆ ಮುಳ್ಳು ಒಟ್ಟಿ ದಾರಿ ಕಿರಿದು ಮಾಡುತ್ತಾರೆ. ಜಿಂಕೆ ಮುಂದಕ್ಕೆ ಎಳೆದಷ್ಟೂ ಬಿಗಿಯುತ್ತದೆ. ನಾವು ಕಂಡ ಒಂದರ ಸುತ್ತ ನೆಲ ವೃತ್ತಾಕಾರವಾಗಿ ಕೆದರಿಹೋಗಿತ್ತು, ಒಂದು ಹುಲ್ಲುಕಡ್ಡಿ ಉಳಿದಿರಲಿಲ್ಲ. ಅಷ್ಟು ಹೊತ್ತು ಒದ್ದಾಡಿದೆ. ಅದೇ ಉರುಳಿಗೆ ಚಿರತೆಯೂ ಸೊಂಟ ಕೊಡುತ್ತದೆ. "ವ್ಯವಸ್ಥೆ ಮಾಡುತ್ತೇನೆ" ಎನ್ನುವವರ ವ್ಯವಸ್ಥೆ ಇದು. ರಾತ್ರಿ ಜೀಪಿನಲ್ಲಿ ಸುತ್ತಿಸಿ, ಮೊದಲೇ ಸಿಕ್ಕಿಬಿದ್ದದ್ದನ್ನು ತೋರಿಸಿ ದುಡ್ಡು ಎಣಿಸಿಕೊಳ್ಳುತ್ತಾರೆ.

ಹಲಗೂರು ಹಾದಿ
ಹಲವು ಸಲ ಅದು ಜಿಂಕೆಯೂ ಆಗಿರುವುದಿಲ್ಲ. ಡಾಬಾ ಹಿಂದೆ "ಕಾಡಿನ ಮಾಲು" ಎಂದು ಪಿಸುಗುಟ್ಟಿ ಮೇಕೆ ಮಾಂಸವನ್ನು ಎರಡು ಪಟ್ಟು ಬೆಲೆಗೆ ಮಾರಿದ್ದನ್ನು ನೋಡಿದ್ದೇನೆ. ಕೊಂಡವರು ಚಪ್ಪರಿಸಿದರು.

ಕೋರ್ಟು ಕಟ್ಟೆ
ನಿಜವಾದ ಜಿಂಕೆ ಮಾಂಸವಾಗಿದ್ದರೆ ಕೊಂಡವನೂ ಆರೋಪಿ, ಇಟ್ಟುಕೊಂಡವನೂ ಆರೋಪಿ. ಅವರಿಗೆ ಮೇಕೆ ಸಿಕ್ಕಿದ್ದು ಪುಣ್ಯ.

ಸರಗೂರು ರೈತ
ಹುಲಿ, ಪಡಿತರ ಎಲ್ಲ ಒಪ್ಪಿದೆ. ಪಡಿತರದ ಬಿಲ್ಲು ಮಾತ್ರ ನಮ್ಮ ಹೊಲಕ್ಕೆ ಬರುತ್ತಿದೆ ಎನ್ನುವುದನ್ನು ನೀವೂ ಒಪ್ಪಿ.

ಉರುಳು ಬಿಚ್ಚುವವ
ಒಪ್ಪಿದೆ. ಪೂರ್ತಿ ಒಪ್ಪಿದೆ. ಕಾಡು ಉಳಿಸುವ ಖರ್ಚನ್ನು ಪೇಟೆಯವರು ಹಂಚಿಕೊಳ್ಳದೆ ಕಾಡಂಚಿನವರ ಮೇಲೆ ಹಾಕಿದ್ದೇವೆ. ನಾನು ಮೈಸೂರಿನಲ್ಲಿ ಕೂತು ಹುಲಿ ಫೋಟೊಕ್ಕೆ ಹೃದಯದ ಗುರುತು ಒತ್ತುತ್ತೇನೆ, ಅವರೆ ಹೋಗುವುದು ನಿಮ್ಮದು.

ಮ್ಯಾಡಿಸನ್‌ನ ಮದ್ದೂರಮ್ಮ
ಖರ್ಚಿನ ಮಾತು ಬಂದಿತಲ್ಲ, ಇದೇ ದೊಡ್ಡ ವ್ಯತ್ಯಾಸ. ಇಲ್ಲಿಯೂ ಒಂದು ಕಾಲಕ್ಕೆ ಮಾಂಸದ ಮಾರುಕಟ್ಟೆಗಾಗಿ ಹೊಡೆದು ಹೊಡೆದು ಜಿಂಕೆ ಮುಗಿಯುತ್ತಾ ಬಂದಿತ್ತು. 1900ರ ಸುಮಾರಿಗೆ ಇಡೀ ದೇಶದಲ್ಲಿ ಬಿಳಿಬಾಲದ ಜಿಂಕೆ ಹೆಚ್ಚೆಂದರೆ 5 ಲಕ್ಷ ಉಳಿದಿತ್ತು ಎಂಬ ಅಂದಾಜಿದೆ. ಈಗ ಸುಮಾರು 3 ಕೋಟಿ. ಕಳ್ಳಬೇಟೆಯ ಮಾಂಸವನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿ ಮಾರುವುದಕ್ಕೆ 1900ರ ಕಾನೂನು ತಡೆ ಹಾಕಿತು. 1937ರ ಇನ್ನೊಂದು ಕಾನೂನಿನ ಪ್ರಕಾರ ಬೇಟೆಯ ಬಂದೂಕು, ಮದ್ದುಗುಂಡುಗಳ ಮೇಲಿನ ಶೇ 11ರಷ್ಟು ತೆರಿಗೆ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ಲೈಸೆನ್ಸ್ ಹಣವೂ ಹಾಗೆಯೇ. ಅಂದರೆ ಹೊಡೆಯುವವನೇ ಕಾಯುವ ಖರ್ಚನ್ನು ಕೊಡುತ್ತಾನೆ. ಊರಿನಲ್ಲಿ ಅಮೆರಿಕದ ಉದಾಹರಣೆ ಕೊಡುವವರು ಬಂದೂಕನ್ನು ಮಾತ್ರ ತೋರಿಸುತ್ತಾರೆ, ರಸೀದಿ ಪುಸ್ತಕವನ್ನು ತೋರಿಸುವುದಿಲ್ಲ.

ಇಷ್ಟೆಲ್ಲ ಇದ್ದರೂ ಜಿಂಕೆ ಕಾರಿಗೆ ಅಡ್ಡ ಬರುವುದು, ತೋಟ ತಿನ್ನುವುದು ನಿಂತಿಲ್ಲ ಅಣ್ಣ. ನಮ್ಮ ಹಿತ್ತಿಲಿನ ಹುರುಳಿಕಾಯಿ ಬಳ್ಳಿ ಈ ವರ್ಷವೂ ಅವಕ್ಕೇ.

ಕೋರ್ಟು ಕಟ್ಟೆ
ರೈತರ ಪ್ರಶ್ನೆಗೆ ನಾನು ಉತ್ತರಿಸದೆ ಬಿಟ್ಟಿದ್ದೆ. ಕಾಯ್ದೆಯ 11ನೇ ಕಲಮಿನಲ್ಲಿ, ಪ್ರಾಣಿಯೊಂದು ಜನರ ಪ್ರಾಣಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯವಾದಾಗ ಅಧಿಕೃತ ಅಧಿಕಾರಿ ಲಿಖಿತ ಆದೇಶ ಹೊರಡಿಸಬಹುದು. ಅದು ರೈತನೇ ತೀರ್ಮಾನಿಸಿ ಗುಂಡು ಹಾರಿಸುವ ಹಕ್ಕಲ್ಲ. ಗೆಳೆಯರ ಜೀಪು ಯಾತ್ರೆಗಂತೂ ಅಲ್ಲವೇ ಅಲ್ಲ. ಇನ್ನು, ದಯವಿಟ್ಟು ಯಾರೂ ಬೇಲಿಗೆ ನೇರ ವಿದ್ಯುತ್ ಹರಿಸಬೇಡಿ. ಜಿಂಕೆಗೆಂದು ಎಳೆದ ತಂತಿಗೆ ಮನೆಯವರೇ ಬಲಿಯಾದ ಪ್ರಕರಣದ ಕಡತ ನನ್ನ ಮೇಜಿನ ಮೇಲಿದೆ.

ಪಿರಿಯಾಪಟ್ಟಣದ ಪಕ್ಕದೂರು
ಬಂದೂಕಿನ ಆಸೆ ತೀರಬೇಕಾದರೆ ಕೊಡಗಿನ ಕೈಲ್‌ಪೊಳ್ದು ಹಬ್ಬಕ್ಕೆ ಬರಲಿ. ಸೆಪ್ಟೆಂಬರ್ ಮೊದಲ ವಾರ. ಕೋವಿಗೆ ಪೂಜೆ, ಆಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿ. ಅತ್ತೆ, ಸೊಸೆ, ಮೊಮ್ಮಗ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಬೇಟೆಗೆ ಹೊರಡುತ್ತಿದ್ದ ಕಾಲದ ಹಬ್ಬ, ಬೇಟೆ ಹೋಗಿ ತೆಂಗಿನಕಾಯಿ ಉಳಿದಿದೆ. ಸಂಕ್ರಾಂತಿಗೆ ಬರುವವರಿಗೆ ಮಾತ್ರ ಇದು ಸಿಗುವುದಿಲ್ಲ.

ನಜರ್‌ಬಾದ್ ನಿವಾಸಿ
ಸಂಕ್ರಾಂತಿಗಾದರೆ ಕಬಿನಿ ಹಿನ್ನೀರಿನ ಕಡೆ ಬೆಳಗಿನ ಸಫಾರಿ ಸಿಗುತ್ತದೆಯೇ ನೋಡಿ. ಇತ್ತೀಚೆಗೆ ವ್ಯವಸ್ಥೆ ಬದಲಾಗುತ್ತಿರುತ್ತದೆ, ಮೊದಲೇ ವಿಚಾರಿಸಿ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಊಟಿ ಕಡೆ ಹೋಗುವ ಯೋಚನೆ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಸರಗೂರು ರೈತ
ಸಫಾರಿಯಲ್ಲಿ ಏನಿದೆ? ಹುಡುಗನಿಗೆ ತಾತನ ಕಾಲ ತೋರಿಸಬೇಕು ಎಂದರೆ ನಮ್ಮ ಹೊಲಕ್ಕೆ ಕಳಿಸಿ. ಅಟ್ಟಣೆ ಇದೆ, ತಮಟೆ ಇದೆ. ಸಂಕ್ರಾಂತಿ ಹೊತ್ತಿಗೆ ಅವರೆ ಸೊಗಡು ಬಿಟ್ಟಿರುತ್ತದೆ, ಜಿಂಕೆ ತಪ್ಪದೆ ಬರುತ್ತದೆ. ಹೊಡೆಯುವುದು ಬೇಡ, ಕೂಗಿ ಓಡಿಸಲಿ. ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಅವನಿಗೂ ಗೊತ್ತಾಗುತ್ತದೆ.

ಉರುಳು ಬಿಚ್ಚುವವ
ಅಣ್ಣ, ಆನೆ? ರಾತ್ರಿ ಹೊರಗಿನವರನ್ನು ಕೂರಿಸುವುದು ಅಪಾಯ.

ಸರಗೂರು ರೈತ
ಕಾಡಿಗೆ ಅಂಟಿದ ಹೊಲಕ್ಕಲ್ಲ, ಊರ ಮಗ್ಗುಲಿನ ಚಿಕ್ಕಪ್ಪನ ಹೊಲಕ್ಕೆ. ಕತ್ತಲಾಗುವವರೆಗೆ ಮಾತ್ರ. ಆನೆ ಸುದ್ದಿ ಬಂದರೆ ಹೊರಡುವುದೇ ಇಲ್ಲ, ನಡುಮನೆಯಲ್ಲಿ ಕೂತು ಅವರೆ ಸುಲಿಯಲಿ.

ಹಳೆ ಕೋವಿ
ನಾನೂ ಬರಬಹುದೇ? ತಮಟೆ ಹಿಡಿಯುವ ಕೈ ಇನ್ನೂ ಗಟ್ಟಿ ಇದೆ.

ಕೆರೆಗೋಡು ಹುಡುಗ
ಎಲ್ಲರಿಗೂ ವಂದನೆ. ಈ ಚರ್ಚೆಯನ್ನು ಹಾಗೆಯೇ ಭಾವನಿಗೆ ಕಳಿಸಿದ್ದೆ, ನಿನ್ನೆ ರಾತ್ರಿ ಫೋನ್ ಮಾಡಿದರು. ಮೊದಲು ನಕ್ಕರು. ಮೂರು ವರ್ಷ ಜೈಲು ಎಂಬ ಸಾಲಿಗೆ ಬಂದಾಗ ಅಕ್ಕ ಫೋನ್ ಕಿತ್ತುಕೊಂಡಳು, ಆಮೇಲೆ ಭಾವನ ದನಿ ಕೇಳಿಸಲಿಲ್ಲ. ಕೊಂಬು ತರುತ್ತಿಲ್ಲ. ಅಮೆರಿಕನ್ ಸ್ನೇಹಿತ ಅಲ್ಲಿ ಮಕ್ಕಳಿಗೆ ಬೇಟೆ ಸುರಕ್ಷತೆ ಕಲಿಸುವ ಸ್ವಯಂಸೇವಕನಂತೆ. ಲೈಸೆನ್ಸ್ ಇಲ್ಲದೆ ಜೀಪಿನಲ್ಲಿ ರಾತ್ರಿ ಹೋಗುವ ಯೋಜನೆ ಇತ್ತೆಂದು ತಿಳಿದು ಅವನೇ ಭಾವನಿಗೆ ಬೈದನಂತೆ. ದೊಡ್ಡಪ್ಪನ ಮಗ ಮನೆಯ ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಗೆ ಹೋಗಿದ್ದಾನೆ.

ಸರಗೂರಿನ ಅಣ್ಣ, ನಾವು ಬರುತ್ತೇವೆ. ಹಬ್ಬದ ಮರುದಿನ, ಮಧ್ಯಾಹ್ನದ ಹೊತ್ತಿಗೆ. ಕುರಿ ನಮ್ಮ ಕಡೆಯಿಂದ, ಗುಡ್ಡೆ ಹಾಕುವ ಯಜಮಾನಿಕೆ ಹಳೆ ಕೋವಿಯವರದು. ಬೇರೆ ಏನು ತರಬೇಕು ಹೇಳಿ.

ಸರಗೂರು ರೈತ
ಹಳೆಯ ಸೀರೆ ತನ್ನಿ, ಎಷ್ಟಿದ್ದರೆ ಅಷ್ಟು. ಹೊಲದ ಸುತ್ತ ಕಟ್ಟುತ್ತೇವೆ, ಗಾಳಿಗೆ ಪಟಪಟ ಎಂದರೆ ಜಿಂಕೆ ಒಂದಿಷ್ಟು ದಿನ ಹೆದರುತ್ತದೆ. ನಮ್ಮ ಮನೆಯ ಸೀರೆಗಳೆಲ್ಲ ಬೇಲಿ ಸೇರಿ ಮುಗಿದಿವೆ, ಹೆಂಡತಿ ಬೀರುವಿಗೆ ಬೀಗ ಹಾಕಿದ್ದಾಳೆ.

ಕುವೆಂಪುನಗರದ ಸೊಸೆ
ಒಂದು ಮೂಟೆ ನಾನು ಕೊಡುತ್ತೇನೆ, ಮೈಸೂರು ದಾಟುವಾಗ ತೆಗೆದುಕೊಂಡು ಹೋಗಿ. ಬಣ್ಣ ಯಾವುದಾದರೂ ನಡೆಯುತ್ತದೆಯೇ?

ಸರಗೂರು ರೈತ
ಯಾವುದಾದರೂ ಸರಿ ಅಕ್ಕ. ಜರಿ ಇದ್ದದ್ದು ಮಾತ್ರ ಬೇಡ, ಕಟ್ಟಿದ ರಾತ್ರಿಯೇ ಬೇಲಿಯಿಂದ ಮಾಯವಾಗುತ್ತದೆ, ಅದನ್ನು ಒಯ್ಯುವುದು ಜಿಂಕೆಯಲ್ಲ.